ಮಾನ್ಯತೆ ಇಲ್ಲದ ತರಗತಿ

ಕೊಟ್ಟೂರಿನ ಆ ಖಾಸಗಿ ಕಾಲೇಜಿನಲ್ಲಿ ಪತ್ರಿಕೋದ್ಯಮ ಓದುವವರು ಒಂದು ಆಟೋದಲ್ಲಿ ಹಿಡಿಸುವಷ್ಟೇ ಇದ್ದರು. ಅವರಲ್ಲಿ ಎರಡನೇ ವರ್ಷದ ಸಂಗೀತಾ ಒಬ್ಬಳು. ಕಾನಹೊಸಹಳ್ಳಿ ಹತ್ತಿರದ ಹಳ್ಳಿಯವಳು. ಅಪ್ಪ ಎರ್ರೆಪ್ಪ ವರ್ಷದ ಅರ್ಧ ಭಾಗ ಕುರಿ ಹಿಂಡಿನ ಹಿಂದೆ ಊರೂರು ತಿರುಗುವವನು. ಮಗಳು ಏನು ಓದುತ್ತಾಳೆಂದು ದಾರಿಯಲ್ಲಿ ಯಾರಾದರೂ ಕೇಳಿದರೆ, "ಪೇಪರ್‌ನಾಗ ಬರಿಯಾದು ಕಲಿಯಾಕ ಹತ್ಯಾಳ" ಎನ್ನುತ್ತಿದ್ದ. ಹಾಗೆ ಹೇಳಿ, ಎದುರಿನವರಿಗೆ ಅದು ದೊಡ್ಡದಾಗಿ ಕೇಳಿಸಿತೋ ಸಣ್ಣದಾಗಿ ಕೇಳಿಸಿತೋ ಎಂದು ಅವರ ಮುಖ ನೋಡುತ್ತಿದ್ದ.

ಅದೇ ಕಾಲೇಜಿನಲ್ಲಿ ಆ ವರ್ಷ ಐ.ಟಿ. ಮ್ಯಾನೇಜ್‌ಮೆಂಟ್ ಎಂಬ ಹೊಸ ಪದವಿ ಶುರುವಾಗಿತ್ತು. ಅದು ಯಾರಿಗೂ ಸಣ್ಣದಾಗಿ ಕೇಳಿಸುತ್ತಿರಲಿಲ್ಲ. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ರಸ್ತೆಬದಿಯ ಗೋಡೆಗಳ ಮೇಲೆಲ್ಲ ನೀಲಿ ಬಣ್ಣದಲ್ಲಿ ಅದರದೇ ಬರಹ. ಕಂಪ್ಯೂಟರೂ ಆಯಿತು, ವ್ಯವಹಾರವೂ ಆಯಿತು, ದೂರದ ಊರಿಗೆ ಮಕ್ಕಳನ್ನು ಕಳಿಸುವ ಕಷ್ಟವೂ ಇಲ್ಲ ಎಂದು ಜನ ಮುಗಿಬಿದ್ದರು. ಮೊದಲ ವರ್ಷವೇ ಬೆಂಚು ಸಾಲದೆ ಪಕ್ಕದ ತರಗತಿಯಿಂದ ಎತ್ತಿಕೊಂಡು ಬಂದು ಹಾಕಬೇಕಾಯಿತು.

ಹಾಗೆ ಬಂದವರಲ್ಲಿ ಹಡಗಲಿ ಹತ್ತಿರದ ಮಾಗಳದ ವಾಣಿಶ್ರೀ ಇದ್ದಳು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಸಂಗೀತಾಳ ಬಾಡಿಗೆ ಕೋಣೆಗೆ ಜೊತೆಗಾರ್ತಿ ಬೇಕಾಗಿತ್ತು. ವಾಣಿಶ್ರೀ ಒಂದು ಟ್ರಂಕು, ಒಂದು ಚೀಲ ಜೋಳ ಇಳಿಸಿಕೊಂಡು ಬಂದಳು. ಸಂಗೀತಾಳಿಗಿಂತ ವಯಸ್ಸಿನಲ್ಲಿ ಚಿಕ್ಕವಳು, ಮಾತಿನಲ್ಲಿ ಅಲ್ಲ. ಬಂದ ವಾರದಲ್ಲೇ ತನ್ನ ಕಥೆಯೆಲ್ಲ ಹೇಳಿ ಮುಗಿಸಿದ್ದಳು. ಪಿಯುಸಿ ಮುಗಿದ ಮೇಲೆ ಅವಳ ಮದುವೆ ಎಂದು ಮನೆಯಲ್ಲಿ ನಿಶ್ಚಯವಾಗಿತ್ತಂತೆ, ಅವ್ವನ ತಮ್ಮನ ಜೊತೆ. ಮಾವ ಹರಪನಹಳ್ಳಿಯಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ ಇಟ್ಟವನು. ಕೆಟ್ಟವನಲ್ಲ, ಅವಳಿಗಿಂತ ಬಹಳ ದೊಡ್ಡವನು, ಅಷ್ಟೇ. ಗೋಡೆಯ ಮೇಲಿನ ಆ ನೀಲಿ ಬರಹ ನೋಡಿ ಇವಳು ಹಟ ಹಿಡಿದಳು. ಐ.ಟಿ. ಎಂದ ಮೇಲೆ ಅಪ್ಪನಿಗೂ ಬೇಡವೆನ್ನಲು ಬಾಯಿ ಬರಲಿಲ್ಲ. ಮಾವನೇ, "ಕಲೀಲಿ ಬಿಡ್ರಿ, ಅಂಗಡಿ ಕಂಪ್ಯೂಟರಾರ ನೋಡ್ಕೊಳ್ತಾಳ" ಎಂದು ಮೂರು ವರ್ಷ ಕಾಯಲು ಒಪ್ಪಿದ್ದ.

"ಮೂರು ವರ್ಷದಾಗ ಏನೇನ ಆಗಬೌದಲೇ ಸಂಗೀ" ಎಂದು ವಾಣಿಶ್ರೀ ಕಾಲು ನೀಡಿ ಕೂತು ನಗುತ್ತಿದ್ದಳು. "ಮಾವಗ ಬ್ಯಾರೆ ಯಾರರ ಸಿಗಬೌದು. ನನಗ ಕೆಲಸ ಸಿಗಬೌದು. ಏನೂ ಆಗ್ಲಿಲ್ಲ ಅಂದ್ರ ಮೂರು ವರ್ಷ ನಂದು ಅಂತ ಆತಲ್ಲ."

ತರಗತಿ ಬಗ್ಗೆ ಅವಳಿಗೆ ಎಲ್ಲಿಲ್ಲದ ಉತ್ಸಾಹ. ಪಾಠ ಹೇಳಲು ದಾವಣಗೆರೆಯಿಂದ ಬರುತ್ತಿದ್ದ ಹುಡುಗ ಮೇಷ್ಟ್ರು ದಸರೆ ರಜೆಗೆ ಹೋದವರು ತಿರುಗಿ ಬರಲಿಲ್ಲ. ಲ್ಯಾಬಿನಲ್ಲಿ ಹೊದಿಕೆ ಹಾಕಿದ ಕಂಪ್ಯೂಟರ್‌ಗಳ ಸಾಲೇ ಇತ್ತು; ಜೀವ ಇದ್ದದ್ದು ಕಿಟಕಿ ಪಕ್ಕದ ಒಂದಕ್ಕೆ. ವಾಣಿಶ್ರೀ ಮೊಬೈಲಿನಲ್ಲಿ ಪಾಠದ ವಿಡಿಯೋ ನೋಡಿಕೊಂಡು ಆ ಒಂದರ ಮೇಲೆ ಮಾಡಿ ನೋಡುವುದು, ಆಮೇಲೆ ಉಳಿದವರನ್ನು ಸುತ್ತ ಕೂರಿಸಿಕೊಂಡು ಹೇಳಿಕೊಡುವುದು. ಮೇಷ್ಟ್ರು ಇಲ್ಲದ ತರಗತಿಗೆ ಹೀಗೆ ಅವಳೇ ಮೇಷ್ಟ್ರಾದಳು. ಸಂಜೆ ರೊಟ್ಟಿ ತಟ್ಟುತ್ತಾ ಸಂಗೀತಾಳಿಗೂ ಡೇಟಾಬೇಸ್ ಅಂದರೆ ಏನು ಎಂದು ವಿವರಿಸುತ್ತಿದ್ದಳು. "ನಿಮ್ಮಪ್ಪನ ಕುರಿ ಹಿಂಡು ತಿಳ್ಕೋ. ಯಾವ ಕುರಿ ಯಾವುದರ ಮರಿ, ಯಾವುದು ಎಲ್ಲಿ ಐತಿ, ಕೇಳಿದ ಕೂಡ್ಲೆ ಹೇಳಬೇಕು. ಅಷ್ಟಾ."

ಪತ್ರಿಕೋದ್ಯಮಕ್ಕೆ ಇದ್ದ ಒಬ್ಬರೇ ಮೇಷ್ಟ್ರು ಪ್ರವೀಣಕುಮಾರ್. ಅತಿಥಿ ಉಪನ್ಯಾಸಕ. ವಿದ್ಯಾರ್ಥಿಗಳಿಂದಲೇ ಸುದ್ದಿ ಬರೆಸಿ ನಾಲ್ಕು ಪುಟದ ಪ್ರಯೋಗ ಪತ್ರಿಕೆ ತರುವುದು ಅವರ ರೂಢಿ. ನವೆಂಬರಿನಲ್ಲಿ ಪ್ರತಿಯೊಬ್ಬರೂ ಕಾಲೇಜಿನದೇ ಒಂದು ಸುದ್ದಿ ಹುಡುಕಿ ತರಬೇಕೆಂದು ಹೇಳಿದರು. ಸಂಗೀತಾಳಿಗೆ ಹುಡುಕುವ ಅಗತ್ಯವೇ ಬೀಳಲಿಲ್ಲ. ಮೇಷ್ಟ್ರಿಲ್ಲದೆ ತಾನೇ ಕಲಿತು ಇತರರಿಗೆ ಕಲಿಸುವ ಮಾಗಳದ ಹುಡುಗಿ, ತಾಲ್ಲೂಕಿಗೇ ಮೊದಲನೆಯ ಕೋರ್ಸು. ಖುಷಿಯ ಬರಹ. ವಾಣಿಶ್ರೀಯ ಫೋಟೋಗಳನ್ನೂ ತೆಗೆದಳು. ಕಿಟಕಿಯ ಬೆಳಕಿನಲ್ಲಿ ಕಂಪ್ಯೂಟರ್ ಮುಂದೆ ಕೂತು, ಹೊರಳಿ ನೋಡಿ ಅವಳು ನಕ್ಕದ್ದು ಬಹಳ ಚೆನ್ನಾಗಿ ಬಂದಿತ್ತು.

'ತಾಲ್ಲೂಕಿಗೇ ಮೊದಲು' ಎಂದು ಬರೆಯುವ ಮುಂಚೆ ಖಾತ್ರಿ ಮಾಡಿಕೊಳ್ಳಬೇಕಲ್ಲ. ಬಳ್ಳಾರಿಗೆ, ವಿಶ್ವವಿದ್ಯಾಲಯಕ್ಕೆ ಫೋನು ಮಾಡಿದಳು. ಯಾವ ಯಾವ ಕಾಲೇಜಿನಲ್ಲಿ ಈ ಕೋರ್ಸು ಇದೆ ಎಂದು ಕೇಳಿದಳು. ಆ ಕಡೆಯ ಹೆಂಗಸು ಹೇಳುತ್ತಾ ಹೋದರು. ಕೊಟ್ಟೂರಿನ ಹೆಸರು ಬರಲಿಲ್ಲ.

"ನಮ್ಮ ಕಾಲೇಜು ಬಿಟ್ಟ್ರಿ ಮೇಡಂ" ಎಂದಳು ಸಂಗೀತಾ.

"ಬಿಟ್ಟಿಲ್ಲಮ್ಮ. ನಿಮ್ಮ ಕಾಲೇಜಿಗೆ ಈ ಕೋರ್ಸು ಕೊಟ್ಟೇ ಇಲ್ಲ."

ಫೋನಿನ ಮಾತು ನಂಬಿ ಬರೆಯಬಾರದೆಂದು ಪಾಠದಲ್ಲಿ ಕಲಿತಿದ್ದಳು. ಮರುದಿನವೇ ಬಳ್ಳಾರಿ ಬಸ್ಸು ಹತ್ತಿದಳು. ಅದೇ ಹೆಂಗಸು ಎದುರು ಕೂರಿಸಿಕೊಂಡು ಬಿಡಿಸಿ ಹೇಳಿದರು. ಕಾಲೇಜು ಅರ್ಜಿ ಹಾಕಿದ್ದು ನಿಜ. ಸಮಿತಿ ಬಂದು ನೋಡಿ, ಲ್ಯಾಬು ಸರಿ ಇಲ್ಲ, ಬೋಧಕರಿಲ್ಲ ಎಂದು ಮಾನ್ಯತೆ ಕೊಟ್ಟಿರಲಿಲ್ಲ. ಮಕ್ಕಳನ್ನು ಸೇರಿಸಿಕೊಳ್ಳಬೇಡಿ ಎಂದೂ ತಿಳಿಸಿದ್ದರು. ಸೇರಿಸಿಕೊಂಡಿದ್ದಾರೆಂಬುದು ಆ ಹೆಂಗಸಿಗೆ ಸಂಗೀತಾ ಹೇಳಿದಾಗಲೇ ಗೊತ್ತಾದದ್ದು. ಮೇಲಿನವರಿಗೆ ತಿಳಿಸುತ್ತೇನೆ, ಆದರೆ ಇಲ್ಲಿ ಬೇಗ ಏನೂ ಅಲುಗಾಡುವುದಿಲ್ಲ ಎಂದರು. ವಿಶ್ವವಿದ್ಯಾಲಯದ ಲೆಕ್ಕದಲ್ಲಿ ಆ ತರಗತಿಯೇ ಇಲ್ಲ; ಅದರಲ್ಲಿ ಕೂತವರು ಯಾರೂ ವಿದ್ಯಾರ್ಥಿಗಳಲ್ಲ. ಬರುವ ತಿಂಗಳು ಪರೀಕ್ಷೆ. ಅವರಿಗೆ ಬರೆಯಲು ಪರೀಕ್ಷೆಯೇ ಇಲ್ಲ.

ವಾಪಸು ಬಸ್ಸಿನಲ್ಲಿ ಸಂಗೀತಾ, ವಾಣಿಶ್ರೀಗೆ ಇದನ್ನು ಹೇಗೆ ಹೇಳುವುದೆಂದು ಯೋಚಿಸುತ್ತಾ ಕೂತಳು. ಅದರ ಜೊತೆಗೇ, ಒಂದು ನಿಜವಾದ ಸುದ್ದಿ ತನ್ನ ಕೈಗೆ ಸಿಕ್ಕಿದೆ ಎಂಬ ಸಣ್ಣ ಹಿಗ್ಗೂ ಇತ್ತು. ಆ ಹಿಗ್ಗನ್ನು ಆಮೇಲೆ ನೆನೆದಾಗಲೆಲ್ಲ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಗುತ್ತಿತ್ತು.

ಪ್ರವೀಣಕುಮಾರ್ ಎಲ್ಲ ಕೇಳಿಸಿಕೊಂಡು ಬಾಗಿಲು ಮುಂದೆ ಮಾಡಿದರು. "ಇದು ಖರೇ ಸುದ್ದಿ" ಎಂದರು. "ಆದ್ರ ನಮ್ಮ ಪ್ರಯೋಗ ಪತ್ರಿಕಿಯೊಳಗ ಹಾಕಾಕ ಆಗಂಗಿಲ್ಲವ್ವಾ. ನನ್ನ ಕೆಲಸ ಹೋಗ್ತೈತಿ, ಅದು ಬಿಡು, ನಿನ್ನ ಗತಿ ಏನು? ಬರಿಯಾದಿದ್ರ ಸೆಕ್ರೆಟರಿಯವರ ಮಾತೂ ಕೇಳಿ ಬರಿ. ಒಂದ ಕಡಿ ಮಾತು ಹಿಡ್ಕೊಂಡು ಹೋಗಬ್ಯಾಡ."

ಕಾಲೇಜಿನ ಕಾರ್ಯದರ್ಶಿ ಸಿಟ್ಟಾಗುತ್ತಾರೆಂದು ಹೆದರಿಕೊಂಡೇ ಹೋದಳು. ಅವರು ಸಿಟ್ಟಾಗಲಿಲ್ಲ. ಚಹಾ ತರಿಸಿದರು. "ಫೈಲು ನಡದೈತವ್ವಾ. ದೊಡ್ಡವರನ್ನ ಭೆಟ್ಟಿಯಾಗಿ ಬಂದೀನಿ. ಲ್ಯಾಬಿಗೆ ಹೊಸ ಕಂಪ್ಯೂಟರ್ ಬರಾಕ ಹತ್ಯಾವ. ಇನ್ನೊಂದು ತಿಂಗಳದಾಗ ಮಾನ್ಯತೆ ಬರ್ತೈತಿ, ಹುಡುಗರು ಎರಡೂ ಸೆಮಿಸ್ಟರ್ ಪರೀಕ್ಷೆ ಕೂಡಿಸಿ ಬರೀತಾರ. ನೀ ಗಡಿಬಿಡಿ ಮಾಡಿದಿ ಅಂದ್ರ ಎಲ್ಲಾ ಹಾಳಾಗ್ತೈತಿ ನೋಡು." ಆಮೇಲೆ ಕೇಳಿದರು: "ನಿನ್ನ ಹೆಸರೇನಂದಿ? ಯಾವೂರು? ಯಾರ ಪೈಕಿ?"

ಅಂದು ಸಂಜೆ ಕೋಣೆಯಲ್ಲಿ ವಾಣಿಶ್ರೀಗೆ ಹೇಳಿದಳು. ಅಳುತ್ತಾಳೆ, ಇಲ್ಲವೇ ಕಾಲೇಜಿಗೆ ಹೋಗಿ ಜಗಳಕ್ಕೆ ನಿಲ್ಲುತ್ತಾಳೆ ಎಂದುಕೊಂಡಿದ್ದಳು. ವಾಣಿಶ್ರೀ ಒಲೆ ಮೇಲಿನ ಸಾರು ಇಳಿಸಿ, ಗ್ಯಾಸು ಆರಿಸಿ, ಅವಳ ಎದುರು ಬಂದು ಕೂತಳು.

"ಯಾರಿಗರ ಹೇಳಿಯೇನು?"

"ಸರ್‌ಗೆ, ಸೆಕ್ರೆಟರಿಗೆ. ಇನ್ನ ಬರಿಯಾದೊಂದು ಬಾಕಿ ಐತಿ."

"ಬರಿಬ್ಯಾಡ."

"ವಾಣೀ, ಅದು ಸುಳ್ಳ ಕ್ಲಾಸಲೇ! ನೀ ಮೂರು ವರ್ಷ ಕೂತ್ರೂ ನಿನಗ ಡಿಗ್ರಿ ಬರಂಗಿಲ್ಲ."

"ಕ್ಲಾಸು ಸುಳ್ಳಿರಬೌದು. ನಾ ಇಲ್ಲಿರೋದು ಸುಳ್ಳಲ್ಲ." ವಾಣಿಶ್ರೀಯ ಧ್ವನಿ ಏರಲಿಲ್ಲ. "ಇದು ಮುಚ್ಚಿತು ಅಂದ್ರ ಮರುದಿನ ನಮ್ಮಪ್ಪ ಬರ್ತಾನ. ಮತ್ತ ನನ್ನ ಯಾವ ಕಾಲೇಜಿಗೂ ಕಳಸಂಗಿಲ್ಲ. ಆ ಸೆಕ್ರೆಟರಿ ತಿಂಗಳ ಅಂದಾನಂತಲ್ಲ. ಒಂದು ತಿಂಗಳು ಸುಮ್ನಿರು. ಬಂದ್ರ ಬಂತು, ಬರ್ಲಿಲ್ಲ ಅಂದ್ರ ಆವಾಗ ಬರಿ. ನಿನ್ನ ಕಾಲು ಬೀಳ್ತೀನಿ."

ಸಂಗೀತಾ ಆಗಲಿ ಎಂದಳು. ಆ ಕ್ಷಣಕ್ಕೆ ಹಾಗೆಂದದ್ದು ನಿಜವೇ ಆಗಿತ್ತು.

ಆದರೆ ಮಾರನೆಯ ದಿನದಿಂದ ಕಾಲೇಜಿಗೆ ಹೋಗಿ ಸುಮ್ಮನಿರುವುದು ಅವಳಿಂದ ಆಗಲಿಲ್ಲ. ಐ.ಟಿ. ಹುಡುಗರು ಹಾಲ್ ಟಿಕೆಟ್ ಯಾಕೆ ಬಂದಿಲ್ಲ ಎಂದು ಆಫೀಸಿಗೆ ಅಲೆಯುವುದು, ನಾಳೆ ಬಾ ಎನ್ನಿಸಿಕೊಂಡು ತಿರುಗುವುದು ಕಣ್ಣೆದುರೇ ನಡೆಯುತ್ತಿತ್ತು. ಉಜ್ಜಿನಿ ಕಡೆಯ ಒಬ್ಬ ಹುಡುಗ ಮೆಟ್ಟಿಲ ಮೇಲೆ ಕೂತು, ಎಂದೂ ಬಾರದ ಪರೀಕ್ಷೆಗೆ ಬಾಯಿಪಾಠ ಮಾಡುತ್ತಿದ್ದ. ಇವರೆಲ್ಲರ ವರ್ಷ ಹೋಗುತ್ತಿದೆ, ಗೊತ್ತಿದ್ದೂ ಗೆಳತಿಯ ಮದುವೆ ತಪ್ಪಿಸಲು ಬಾಯಿ ಮುಚ್ಚಿಕೊಂಡಿದ್ದೇನೆ ಎನ್ನಿಸಿತು. ಕಾರ್ಯದರ್ಶಿಯ ಮಾತನ್ನು ಅವಳು ಒಂದು ಅಕ್ಷರವೂ ನಂಬಿರಲಿಲ್ಲ. ವಾರ ಕಳೆಯುವುದರೊಳಗೆ ಬರೆದು ಮುಗಿಸಿದಳು.

ಹಗರಿಬೊಮ್ಮನಹಳ್ಳಿಯಿಂದ ಹೊರಡುವ ಒಂದು ಸಣ್ಣ ದಿನಪತ್ರಿಕೆಗೆ ಕ್ರಾಂತಿಕುಮಾರ್ ಎಂಬವರು ಸಂಪಾದಕರು. ರಜೆಯಲ್ಲಿ ಅವರ ಕೈಕೆಳಗೆ ಸಂಗೀತಾ ತರಬೇತಿಗೆ ಹೋಗಿದ್ದಳು. ಬರಹ ಓದಿದವರೇ ಫೋನು ಮಾಡಿದರು. "ಎಂಥ ಸುದ್ದಿ ತಂದಿಯವ್ವಾ! ಫೋಟೋ ಇದ್ರ ಕಳಸು, ಲ್ಯಾಬಿನದು."

ಅವಳು ಲ್ಯಾಬಿನಲ್ಲಿ ತೆಗೆದ ಫೋಟೋಗಳನ್ನೆಲ್ಲ ಒಟ್ಟಿಗೆ ಕಳಿಸಿದಳು. ಹೊದಿಕೆ ಹಾಕಿದ ಕಂಪ್ಯೂಟರ್‌ಗಳ ಸಾಲು ಬಹಳ ಸ್ಪಷ್ಟವಾಗಿತ್ತು, ಅದನ್ನೇ ಹಾಕುತ್ತಾರೆಂದುಕೊಂಡಳು. "ವಿದ್ಯಾರ್ಥಿಗಳ ಹೆಸರು ಹಾಕಬ್ಯಾಡ್ರಿ ಸರ್, ನನ್ನ ಹೆಸರೂ ಬ್ಯಾಡ" ಎಂದಷ್ಟೇ ಬರೆದಳು.

ಹೆಸರು ಹಾಕಲಿಲ್ಲ. 'ನಕಲಿ ಕೋರ್ಸಿನ ಬಲೆಗೆ ಬಿದ್ದವರು' ಎಂಬ ದಪ್ಪ ಅಕ್ಷರದ ಕೆಳಗೆ, ಕಿಟಕಿಯ ಬೆಳಕಿನಲ್ಲಿ ಹೊರಳಿ ನೋಡಿ ನಗುವ ವಾಣಿಶ್ರೀಯ ಮುಖವನ್ನು ಹಾಕಿದ್ದರು.

ಬೆಳಿಗ್ಗೆ ಯಾರೋ ಮೊಬೈಲಿಗೆ ಕಳಿಸಿದ್ದನ್ನು ವಾಣಿಶ್ರೀ ಹಾಸಿಗೆಯ ಮೇಲೇ ನೋಡಿದಳು.  ಸಂಗೀತಾ ಏನೇನೋ ಹೇಳಿದಳು: ನಾನು ಆ ಫೋಟೋ ಹಾಕಿರೆಂದು ಹೇಳಲಿಲ್ಲ, ಹೀಗಾಗುತ್ತದೆಂದು ಗೊತ್ತಿರಲಿಲ್ಲ, ಅವರಿಗೆ ಈಗಲೇ ಫೋನು ಮಾಡುತ್ತೇನೆ. ವಾಣಿಶ್ರೀ ಎದ್ದು ಟ್ರಂಕು ತೆಗೆದು ಬಟ್ಟೆ ಮಡಚಿಡತೊಡಗಿದಳು. ಅಪ್ಪ ಬರುವುದಕ್ಕೆ ಮುಂಚೆಯೇ ಅವಳ ತಯಾರಿ ಮುಗಿದಿತ್ತು.

ಅವಳ ಅಪ್ಪ ಮಧ್ಯಾಹ್ನದ ಹೊತ್ತಿಗೆ ಬಂದರು. ಕೂಗಾಡಲಿಲ್ಲ. ಹೊಸ್ತಿಲ ಹೊರಗೇ ನಿಂತು, "ಹಡಗಲಿ ಬಸ್ ಸ್ಟ್ಯಾಂಡಿನಾಗ ನಿನ್ನ ಫೋಟೋ ಹಿಡ್ಕೊಂಡು ಮಂದಿ ಚಾ ಕುಡಿಯಾಕ ಹತ್ಯಾರ" ಎಂದರು. ಅಷ್ಟೇ. ಮಗಳಿಗೆ ಕೊಡದೆ ತಾವೇ ಟ್ರಂಕು ಹೊತ್ತು ಓಣಿ ದಾಟಿದರು. ವಾಣಿಶ್ರೀ ಹಿಂದೆ ಹೋದಳು. ತಿರುಗಿ ನೋಡುತ್ತಾಳೆಂದು ಸಂಗೀತಾ ಬಾಗಿಲಲ್ಲಿ ನಿಂತೇ ಇದ್ದಳು. ನೋಡಲಿಲ್ಲ.

ವಿಶ್ವವಿದ್ಯಾಲಯದವರು ಬಂದರು, ತರಗತಿ ಮುಚ್ಚಿತು. ಬೇಕಾದವರು ಬರುವ ವರ್ಷ ಬಿ.ಎ.ಗೋ ಬಿ.ಕಾಂ.ಗೋ ಹೊಸದಾಗಿ ಸೇರಬಹುದು ಎಂದರು. ಕಾರ್ಯದರ್ಶಿ ಪೋಷಕರನ್ನೆಲ್ಲ ಕರೆದು ಕೈ ಮುಗಿದು ನಿಂತರು. ಮಾನ್ಯತೆ ಬರುವುದೇ ಇತ್ತು, ಇನ್ನು ಕೆಲವು ದಿನದ ಮಾತಾಗಿತ್ತು, ನಮ್ಮದೇ ಅನ್ನ ಉಂಡವರು ಹೀಗೆ ಮಾಡಿದರು ಎಂದು ಕಣ್ಣೊರೆಸಿಕೊಂಡರು. ಜನ ನಂಬಿದರು. ನಂಬದೆ ಏನು ಮಾಡಿಯಾರು? ತಮ್ಮ ಮಕ್ಕಳು ಮೋಸ ಹೋದರೆಂಬುದಕ್ಕಿಂತ, ಯಾರೋ ಹೊಟ್ಟೆಕಿಚ್ಚಿಗೆ ಕಲ್ಲು ಹಾಕಿದರೆಂಬುದು ತಾಳಿಕೊಳ್ಳಲು ಸುಲಭವಾಗಿತ್ತು.

ಬರೆದವಳು ಯಾರೆಂದು ಕಾಲೇಜಿನಲ್ಲಿ ಎಲ್ಲರಿಗೂ ತಿಳಿಯಿತು. ಗೇಟಿನ ಬಳಿ ಹುಡುಗರು ದಾರಿ ಬಿಡಲಿಲ್ಲ. ಮೆಟ್ಟಿಲ ಮೇಲೆ ಕೂತು ಓದುತ್ತಿದ್ದ ಉಜ್ಜಿನಿ ಕಡೆಯ ಹುಡುಗನೇ ಮುಂದೆ ಬಂದು, "ನಮ್ಮ ವರ್ಷ ತಿಂದಿ. ಹೊಟ್ಟಿ ತುಂಬಿತೇನು?" ಎಂದ. ಅವಳಿಗೆ ಹೇಳುವುದು ಬಹಳ ಇತ್ತು. ಅವನ ಮುಖ ನೋಡಿ ಗೇಟಿನಿಂದಲೇ ಕೋಣೆಗೆ ತಿರುಗಿದಳು.

ಅವಳನ್ನು ಯಾರೂ ಕಾಲೇಜಿನಿಂದ ತೆಗೆಯಲಿಲ್ಲ. ಪ್ರವೀಣಕುಮಾರ್ ಅವರನ್ನು ತೆಗೆದರು. ವಿದ್ಯಾರ್ಥಿಗಳು ಸಾಲದ ವಿಭಾಗ ನಡೆಸಲು ಆಗುವುದಿಲ್ಲ ಎಂದು ಪತ್ರಿಕೋದ್ಯಮವನ್ನೇ ಮುಚ್ಚುವುದಾಗಿ ಹೇಳಿದರು. ಮೇಷ್ಟ್ರು ಹೋಗುವ ದಿನ ಸಂಗೀತಾ ಎದುರಾದಳು. "ನೀ ತಪ್ಪು ಬರದಿಲ್ಲ. ಪ್ರತಿಯೊಂದು ಸಾಲೂ ಸರಿ ಐತಿ" ಎಂದರು. ಆಮೇಲೆ, ಹೇಳಬೇಕೋ ಬೇಡವೋ ಎಂದು ನಿಂತು, "ಆ ಫೋಟೋ ಕಳಿಸಬಾರದಾಗಿತ್ತು" ಎಂದು ಬೈಕು ಹತ್ತಿದರು.

ಸಂಕ್ರಾಂತಿ ಕಳೆದ ಮೇಲೆ ವಾಣಿಶ್ರೀಯ ಮದುವೆ ಗೊತ್ತಾಗಿದೆ ಎಂಬ ಸುದ್ದಿ ಬಂತು. ಸಂಗೀತಾ ಎಷ್ಟು ಸಲ ಫೋನು ಮಾಡಿದರೂ ಅವಳು ಎತ್ತಿರಲಿಲ್ಲ. ಒಂದು ಭಾನುವಾರ ಹಗರಿಬೊಮ್ಮನಹಳ್ಳಿಗೆ ಹೋಗಿ, ಅಲ್ಲಿಂದ ಹಡಗಲಿ ಬಸ್ಸು ಹಿಡಿದು, ಮುಂದೆ ಟಂಟಂ ಆಟೋದಲ್ಲಿ ಮಾಗಳಕ್ಕೆ ಹೋದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದಳು. ಮಾವನ ಬಳಿ ತಾನೇ ಹೋಗಿ ಮಾತಾಡುತ್ತೇನೆ ಎಂದೂ ಹೇಳುವವಳಿದ್ದಳು.

ಬಾಗಿಲು ತೆಗೆದವರು ವಾಣಿಶ್ರೀಯ ಅವ್ವ ಕೊಟ್ರಬಸಮ್ಮ. ಕೋಣೆಯ ಗೆಳತಿ ಎಂದು ಗೊತ್ತಾದದ್ದೇ ತಡ, "ಬಾರವ್ವಾ, ಬಿಸಲಾಗ ಬಂದಿ" ಎಂದು ಕೈ ಹಿಡಿದು ಕೂರಿಸಿದರು. ಒಗ್ಗರಣೆ ಮಂಡಕ್ಕಿ, ಚಹಾ ತಂದಿಟ್ಟರು. ವಾಣಿಶ್ರೀ ಒಳಗಿನಿಂದ ಬಂದು ಕಂಬಕ್ಕೆ ಒರಗಿ ನಿಂತಳು. ಮುಖ ಸಣ್ಣದಾಗಿತ್ತು. ನಕ್ಕಳೂ ಇಲ್ಲ, ಸಿಡುಕಿದಳೂ ಇಲ್ಲ.

ಕೊಟ್ರಬಸಮ್ಮ ಎದುರು ಕೂತು ಮನಸ್ಸು ಹಗುರ ಮಾಡಿಕೊಳ್ಳತೊಡಗಿದರು. "ನನ್ನ ತಮ್ಮಗೂ ಬ್ಯಾಸರ ಆಗೈತಿ ನೋಡವ್ವಾ. ಪೇಪರ್‌ನಾಗ ಬಂದ ಹುಡುಗಿ ಅಂತ ಹರಪನಹಳ್ಳಿಯಾಗ ಮಂದಿ ಆಡಿಕೊಂಡ್ರಂತ. ಆದ್ರೂ ಅಕ್ಕನ ಮಗಳು ಅಂತ ಮಾಡಿಕೊಳ್ತಾನ. ನಮ್ಮ ಹುಡುಗಿ ನಕ್ಕೋತ ಕುಂತಿದ್ದ ಫೋಟೋ ಹಾಕಿ ನಕಲಿ ಅಂತ ಬರದಾರಲ್ಲ, ಏನು ಮಾಡಿತ್ತು ಇದು ಅವರಿಗೆ? ನಿಮ್ಮ ಕಾಲೇಜಿನ ಹುಡುಗೀನೇ ಬರದಾಳಂತ. ಆಕಿ ಕೈ ಸೇದಿ ಹೋಗ್ಲಿ. ನಿನಗ ಗೊತ್ತೇನವ್ವಾ, ಯಾರಾಕಿ?"

ಸಂಗೀತಾಳ ಕೈಯಲ್ಲಿ ಚಹಾದ ಲೋಟ ಇತ್ತು. ನಾನೇ ಎನ್ನಲು ಬಾಯಿ ತೆರೆದಳು. 

"ಅವ್ವಾ, ಆಕಿಗೆ ಗೊತ್ತಿಲ್ಲ" ಎಂದಳು ವಾಣಿಶ್ರೀ ಕಂಬದ ಬಳಿಯಿಂದ. "ಆಕಿ ಪರೀಕ್ಷೆ ಓದಿಕೊಳ್ಳಾಕ ಹತ್ತಿದ್ಲು. ಆಕಿಗೆ ಇದ್ಯಾವುದೂ ಗೊತ್ತಿಲ್ಲ."

ಕೊಟ್ರಬಸಮ್ಮ ಹೌದೇ ಎಂಬಂತೆ ಸಂಗೀತಾಳ ಕಡೆ ನೋಡಿದರು. ಸಂಗೀತಾ ತಲೆ ತಗ್ಗಿಸಿ ಚಹಾ ಕುಡಿದಳು.

ಟಂಟಂ ನಿಲ್ಲುವ ಕಡೆಗೆ ವಾಣಿಶ್ರೀ ಕಳಿಸಲು ಬಂದಳು. ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಮಲ್ಲಿಗೆ ಹೊಲದಲ್ಲಿ ಹೆಂಗಸರು ಬಗ್ಗಿ ಮೊಗ್ಗು ಬಿಡಿಸುತ್ತಿದ್ದರು. ದಾರಿಯಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದನ್ನೂ ಸಂಗೀತಾಳಿಗೆ ಎತ್ತಲಾಗಲಿಲ್ಲ.

"ಯಾಕ ಹಂಗ ಹೇಳಿದಿ ನಿಮ್ಮವ್ವಗ?" ಎಂದಳು ಕೊನೆಗೆ.

"ಮತ್ತ ಏನು ಹೇಳಬೇಕಾಗಿತ್ತು?" ವಾಣಿಶ್ರೀ ನಿಂತಳು. "ಈಗ ಸುಮ್ನ ಕುಂತು ಚಾ ಕುಡಿಯಾಕ ಬಂತಲ್ಲ ನಿನಗ. ಆವತ್ತು ಒಂದು ತಿಂಗಳು ಸುಮ್ನಿರು ಅಂದ್ರ ಆಗ್ಲಿಲ್ಲ."

ಟಂಟಂ ಬಂತು. ಹತ್ತುವಾಗ ವಾಣಿಶ್ರೀ ಅವಳ ತೋಳು ಹಿಡಿದು ಮೇಲೆ ಹತ್ತಿಸಿದಳು. "ಮದುವಿಗೆ ಬರಬ್ಯಾಡ ಸಂಗೀ. ಯಾರರ ಗುರುತು ಹಿಡೀತಾರ" ಎಂದಳು. ಆ ಮಾತಿನಲ್ಲಿ ಸಿಟ್ಟು ಇದ್ದಿದ್ದರೆ ಸಂಗೀತಾ ತಾಳಿಕೊಳ್ಳುತ್ತಿದ್ದಳು. ಹಡಗಲಿ ಬರುವವರೆಗೂ ಎದುರು ಕೂತ ಹೆಂಗಸರು ಅವಳನ್ನೇ ನೋಡುತ್ತಿದ್ದರು. ಒಬ್ಬರು ಕೊನೆಗೆ ತಮ್ಮ ನೀರಿನ ಬಾಟಲಿ ಮುಂದೆ ಹಿಡಿದರು.

ಅವಳು ಮದುವೆಗೆ ಹೋಗಲಿಲ್ಲ. ಕ್ರಾಂತಿಕುಮಾರ್ ಆಗಾಗ ಫೋನು ಮಾಡಿ, ಇನ್ನೊಂದು ಅಂಥದ್ದು ಬರೆದುಕೊಡು ಎಂದು ಕೇಳುತ್ತಿದ್ದರು. ಮೊದಮೊದಲು ಏನೋ ನೆಪ ಹೇಳುತ್ತಿದ್ದಳು, ಆಮೇಲೆ ಫೋನು ಎತ್ತುವುದನ್ನೇ ಬಿಟ್ಟಳು. ಕಾಲೇಜಿನವರು ಪತ್ರಿಕೋದ್ಯಮದ ಬದಲು ಇತಿಹಾಸ ತೆಗೆದುಕೊಳ್ಳಲು ಹೇಳಿದರು. ತೆಗೆದುಕೊಂಡಳು. ಎರ್ರೆಪ್ಪನಿಗೆ ಇದ್ಯಾವುದನ್ನೂ ಹೇಳಲಿಲ್ಲ. ಅವನು ದೂರದ ಯಾವುದೋ ಹೊಲದಿಂದ ಫೋನು ಮಾಡಿ, "ಏನು ಬರದಿ ಮಗಳಾ ಈ ಸಲ?" ಎಂದು ಕೇಳಿದರೆ, "ಓದಾಕ ಬಾಳ ಐತಪ್ಪಾ" ಎನ್ನುತ್ತಿದ್ದಳು.

ಜೂನ್ ತಿಂಗಳಲ್ಲಿ ಆ ಕೋರ್ಸಿಗೆ ಮಾನ್ಯತೆ ಬಂತು. ಲ್ಯಾಬಿಗೆ ಹೊಸ ಕಂಪ್ಯೂಟರ್‌ಗಳು ಬಂದವು, ಪಾಠಕ್ಕೆ ಇಬ್ಬರು ಮೇಷ್ಟ್ರು ಬಂದರು. ಕ್ರಾಂತಿಕುಮಾರ್ ಅವರ ಪತ್ರಿಕೆಯ ಕೊನೆಯ ಪುಟ ತುಂಬ ಅದರ ಜಾಹೀರಾತು. ಪೇಪರಿನಲ್ಲಿ ಬಂದದ್ದಕ್ಕೇ ಕಾಲೇಜಿನವರು ಹೆದರಿ ಎಲ್ಲ ಸರಿಮಾಡಿದರೋ, ಇಲ್ಲ ಕಾರ್ಯದರ್ಶಿ ಹೇಳಿದಂತೆ ಅದು ಹೇಗೂ ಬರುವುದೇ ಇತ್ತೋ, ತಾನು ಸುಮ್ಮನಿದ್ದಿದ್ದರೆ ವಾಣಿಶ್ರೀ ಈಗ ಆ ಕಿಟಕಿಯ ಪಕ್ಕ ಕೂತಿರುತ್ತಿದ್ದಳೋ, ಸಂಗೀತಾಳಿಗೆ ತಿಳಿಯುವ ದಾರಿಯೇ ಇರಲಿಲ್ಲ. ಯಾರನ್ನು ಕೇಳಿ ಖಾತ್ರಿ ಮಾಡಿಕೊಳ್ಳುವುದು? ಬಳ್ಳಾರಿಗೆ ಫೋನು ಮಾಡಿದರೆ ಸಿಗುವ ಉತ್ತರ ಅಲ್ಲ ಅದು.

ಪ್ರವೇಶ ಶುರುವಾದ ದಿನ ಆಫೀಸಿನ ಮುಂದೆ ಹಳ್ಳಿಗಳಿಂದ ಬಂದವರ ಗುಂಪು ನೆರೆದಿತ್ತು. ಸಂಗೀತಾ ಇತಿಹಾಸದ ತರಗತಿಗೆ ಹೊರಟಿದ್ದಳು. ಕಂಬಳಿ ಹೆಗಲ ಮೇಲೆ ಹಾಕಿಕೊಂಡ ಒಬ್ಬ ಹಿರಿಯರು ಮಗಳನ್ನು ಹಿಂದಿಟ್ಟುಕೊಂಡು ಅವಳನ್ನು ತಡೆದರು.

"ಈ ಐ.ಟಿ. ಅನ್ನೋದು ಚಲೋ ಐತೇನವ್ವಾ? ಹೋದ ವರ್ಷ ಏನೋ ಗದ್ದಲ ಆಗಿತ್ತಂತ. ನೀ ಇಲ್ಲೇ ಓದಾಕಿ, ನಿನಗ ಗೊತ್ತಿರ್ತೈತಿ. ಹುಡುಗಿನ ಸೇರಸಲೋ ಬ್ಯಾಡೋ?"

ಹುಡುಗಿ ತಂದೆಯ ಹೆಗಲ ಹಿಂದಿನಿಂದ, ಹೂಂ ಅನ್ನು ಎಂಬಂತೆ ಸಂಗೀತಾಳನ್ನೇ ನೋಡುತ್ತಿದ್ದಳು.

"ನನಗ ಗೊತ್ತಿಲ್ರಿ" ಎಂದಳು ಸಂಗೀತಾ. "ಒಳಗ ಕೇಳ್ರಿ."

ಅವರು ಇನ್ನೂ ಏನೋ ಕೇಳುವುದರಲ್ಲಿದ್ದರು. ಅವಳು ತಲೆ ತಗ್ಗಿಸಿಕೊಂಡು ಗುಂಪಿನ ನಡುವೆ ದಾರಿ ಮಾಡಿಕೊಂಡು ತರಗತಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಳು. ಮೇಷ್ಟ್ರು ಹೇಳುವುದನ್ನು ಉಳಿದವರು ಬರೆದುಕೊಳ್ಳುತ್ತಿದ್ದರು. ಅವಳು ಪೆನ್ನು ತೆಗೆಯಲಿಲ್ಲ.